ಕರಡು ತಿದ್ದುವ ಹೊಸ ಕಣ್ಣುಗಳು

ಲೇಖನ ಅಚ್ಚಿಗೆ ಹೋಗುವ ಮುನ್ನ ಬೇರೊಬ್ಬರು ಅದರ ಕರಡು ತಿದ್ದುವುದು ವಾಡಿಕೆ. ಬರೆದವರಿಗೆ ಕಾಣದ ತಪ್ಪು ಓದುವವರಿಗೆ ಕಾಣುತ್ತದೆ. ಕಂಪ್ಯೂಟರ್ ಪ್ರೋಗ್ರಾಂಗಳಿಗೂ ಈ ಮಾತು ಸಲ್ಲುತ್ತದೆ. 1976ರಲ್ಲೇ ಐಬಿಎಂ ಕಂಪೆನಿಯ ಮೈಕೆಲ್ ಫೇಗನ್ ಇಂಥ ಪರಿಶೀಲನೆಗೆ ಕ್ರಮಬದ್ಧ ವಿಧಾನವೊಂದನ್ನು ಪ್ರಕಟಿಸಿದ್ದರು. ಕಂಪೆನಿಗಳಲ್ಲಾದರೆ ಅದು ಸಂಬಳದ ಕೆಲಸ. ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳಲ್ಲಿ ಹಾಗಲ್ಲ. ಹೊಸದನ್ನು ಬರೆಯಲು ಉತ್ಸಾಹಿಗಳು ಸಿಗುತ್ತಾರೆ. ಇನ್ನೊಬ್ಬರು ಬರೆದದ್ದನ್ನು ಸಾಲು ಸಾಲಾಗಿ ಓದುವವರು ಸಿಗುವುದು ಕಷ್ಟ.

ಈ ಕೊರತೆಯ ಬೆಲೆ ಏನೆಂಬುದು 2014ರ ಏಪ್ರಿಲ್‌ನಲ್ಲಿ ಬಯಲಾಯಿತು. ಇಂಟರ್‌ನೆಟ್ ವ್ಯವಹಾರವನ್ನು ಗುಟ್ಟಾಗಿಡುವ ‘ಓಪನ್ ಎಸ್‌ಎಸ್‌ಎಲ್’ ತಂತ್ರಾಂಶದಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಪತ್ತೆಯಾಯಿತು. ಅದು ಒಳಸೇರಿದ್ದು 2011ರ ಕೊನೆಯ ದಿನ. ಸೇರಿಸುವ ಮುನ್ನ ಪರಿಶೀಲನೆ ನಡೆದಿತ್ತು. ಆದರೆ ನೋಡಿದವರು ಒಬ್ಬರೇ. ಅವರ ಕಣ್ತಪ್ಪಿದ ದೋಷ ಎರಡು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಉಳಿಯಿತು.

ಹಾಗಾದರೆ ಹೆಚ್ಚು ಕಣ್ಣುಗಳನ್ನು ಎಲ್ಲಿಂದ ತರುವುದು? ‘ಪೋಸ್ಟ್‌ಗ್ರೆಸ್’ ಇದಕ್ಕೊಂದು ದಾರಿ ಹುಡುಕಿತು. ಮಾಹಿತಿಯನ್ನು ಕೂಡಿಟ್ಟು ಕೇಳಿದಾಗ ಹುಡುಕಿಕೊಡುವ ಈ ಡೇಟಾಬೇಸ್ ತಂತ್ರಾಂಶದ ಕೆಲಸ ಶುರುವಾದದ್ದು 1986ರಲ್ಲಿ, ಅಮೆರಿಕದ ಬರ್ಕಲಿ ವಿಶ್ವವಿದ್ಯಾಲಯದಲ್ಲಿ, ಪ್ರೊಫೆಸರ್ ಮೈಕೆಲ್ ಸ್ಟೋನ್‌ಬ್ರೇಕರ್ ನೇತೃತ್ವದಲ್ಲಿ. 1996ರ ಹೊತ್ತಿಗೆ ಅದು ಬೇರೆ ಬೇರೆ ದೇಶಗಳ ಸ್ವಯಂಸೇವಕರ ಕೈಗೆ ಬಂದಿತ್ತು. ತಂತ್ರಾಂಶ ಬೆಳೆದಂತೆ, ಜನ ಕಳುಹಿಸುವ ತಿದ್ದುಪಡಿಗಳ ರಾಶಿಯೂ ಬೆಳೆಯಿತು. ಅವನ್ನು ಒಪ್ಪುವ ಅಧಿಕಾರವಿದ್ದ ಹಿರಿಯರು ಮಾತ್ರ ಬೆರಳೆಣಿಕೆಯಷ್ಟು. 8.3ನೇ ಆವೃತ್ತಿಗೆ ಹೊಸ ಅಂಶಗಳನ್ನು ಸೇರಿಸುವ ಗಡುವು ಮುಗಿದದ್ದು 2007ರ ವಸಂತದಲ್ಲಿ. ಆವೃತ್ತಿ ಹೊರಬಂದದ್ದು 2008ರ ಫೆಬ್ರುವರಿಯಲ್ಲಿ.

ಅದರ ಮರು ತಿಂಗಳೇ ‘ಕಮಿಟ್‌ಫೆಸ್ಟ್’ ಆರಂಭವಾಯಿತು. ಸಾಮಾನ್ಯವಾಗಿ ಒಂದು ತಿಂಗಳ ಕಾಲ ಹೊಸ ಬರವಣಿಗೆಯನ್ನು ಹಿಂದಕ್ಕಿಟ್ಟು, ಬಂದಿರುವ ತಿದ್ದುಪಡಿಗಳನ್ನೇ ನೋಡುವ ಏರ್ಪಾಡು ಇದು. ತನ್ನ ತಿದ್ದುಪಡಿ ಕಳುಹಿಸಿದವರು ಇತರರ ಒಂದನ್ನಾದರೂ ಪರಿಶೀಲಿಸಬೇಕು ಎಂಬ ಕೊಡು-ಕೊಳ್ಳುವ ನೀತಿಯೂ ರೂಢಿಗೆ ಬಂತು.

‘ಅನುಭವಿಗಳ ಕೆಲಸದಲ್ಲಿ ತಪ್ಪು ಹುಡುಕಲು ನಾನ್ಯಾರು?’ ಎಂಬ ಅಳುಕು ಹೊಸಬರಿಗೆ ಸಹಜ. ಅದಕ್ಕೆ ಇಲ್ಲಿ ಕೆಲಸವನ್ನೇ ಮೆಟ್ಟಿಲುಗಳಾಗಿ ಒಡೆಯಲಾಯಿತು. ತಿದ್ದುಪಡಿ ಈಗಿನ ಪ್ರೋಗ್ರಾಂಗೆ ಸರಿಯಾಗಿ ಕೂಡಿಕೊಳ್ಳುತ್ತದೆಯೇ? ಪರೀಕ್ಷೆಗಳು ಜೊತೆಗಿವೆಯೇ? ಬಳಕೆದಾರರಿಗೆ ವಿವರಣೆ ಬರೆದಿದ್ದಾರೆಯೇ? ಹೇಳಿದ ಕೆಲಸವನ್ನು ಅದು ನಿಜಕ್ಕೂ ಮಾಡುತ್ತದೆಯೇ? ಇಷ್ಟನ್ನು ನೋಡಲು ಪಾಂಡಿತ್ಯ ಬೇಕಿಲ್ಲ, ತಾಳ್ಮೆ ಸಾಕು. ಒಳಗಿನ ರಚನೆಯ ಚರ್ಚೆ ಮುಂದಿನ ಮೆಟ್ಟಿಲು. ಕೊನೆಯ ತೀರ್ಮಾನ ಹಿರಿಯರದೇ ಆದ್ದರಿಂದ ತಪ್ಪಿದರೆ ಗತಿಯೇನು ಎಂಬ ಭಯವೂ ಇಲ್ಲ. ಹೀಗೆ ಓದುತ್ತಾ ಓದುತ್ತಾ ತಂತ್ರಾಂಶದ ಒಳಮನೆಯ ಪರಿಚಯವೂ ಆಗುತ್ತದೆ.

ಬಂದವರು ನಿಲ್ಲಬೇಕಾದರೆ ಮನ್ನಣೆಯೂ ಬೇಕು. ಸೇರ್ಪಡೆಯ ದಾಖಲೆಯಲ್ಲಿ ಪರಿಶೀಲಿಸಿದವರ ಹೆಸರನ್ನೂ ಬರೆಯುವ ಪದ್ಧತಿ ಪೋಸ್ಟ್‌ಗ್ರೆಸ್‌ನಲ್ಲಿದೆ. 2017ರಲ್ಲಿ ಬಂದ 10ನೇ ಆವೃತ್ತಿಯ ಪ್ರಕಟಣೆಯಲ್ಲಿ ಬರೆದವರ ಸಾಲಿನಲ್ಲೇ ಪರಿಶೀಲಕರಿಗೂ ಕೃತಜ್ಞತೆ ಸಂದಿತು. ಮನ್ನಣೆಯಷ್ಟೇ ಮುಖ್ಯವಾದದ್ದು ಮಾತಿನ ಮರ್ಯಾದೆ. ಲಿನಕ್ಸ್ ಜನಕ ಲಿನಸ್ ಟೋರ್ವಾಲ್ಡ್ಸ್ ತಮ್ಮ ಒರಟು ಟೀಕೆಗಳಿಗಾಗಿ 2018ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿ ಕೆಲಕಾಲ ಬಿಡುವು ಪಡೆದದ್ದು ಇದೇ ಪಾಠವನ್ನು ಹೇಳುತ್ತದೆ.

ಇಷ್ಟಾದರೂ ಸಮಸ್ಯೆ ಪೂರ್ತಿ ಬಗೆಹರಿದಿಲ್ಲ. ಒಂದು ಕಮಿಟ್‌ಫೆಸ್ಟ್‌ನಲ್ಲಿ ಮುಗಿಯದ ತಿದ್ದುಪಡಿಗಳು ಮುಂದಿನದಕ್ಕೆ ಉರುಳುತ್ತಲೇ ಇರುತ್ತವೆ. ಆದರೂ ಹನಿಗೂಡಿದರೆ ಹಳ್ಳ. ಇಂದು ಅಳುಕುತ್ತಾ ವಿವರಣೆಯ ಒಂದು ಸಾಲು ತಿದ್ದುವ ಹೊಸಬರೇ ನಾಳೆ ಇಂಥದೇ ದೊಡ್ಡ ದೋಷವೊಂದನ್ನು ಬಾಗಿಲಲ್ಲೇ ತಡೆಯುವವರಾಗಬಹುದು.