ಗಾಜು ಊದುವವನ ಕಣ್ಣು

ಗೌರಿ ಹಬ್ಬ ಬಂತೆಂದರೆ ಬಳೆ ಅಂಗಡಿಗಳ ಮುಂದೆ ಹೆಣ್ಣುಮಕ್ಕಳ ಸಂದಣಿ. ಹಸಿರು, ಕೆಂಪು ಬಳೆಗಳನ್ನು ಬೆಳಕಿಗೆ ಹಿಡಿದು, ಹೊಳಪು ನೋಡಿ ಆರಿಸುತ್ತಾರೆ. ಆ ಹೊಳಪು ಹುಟ್ಟುವ ಬೆಂಕಿಯ ಮುಂದೆ ದುಡಿಯುವವನ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗಬಹುದೆಂಬುದು ಕೊಳ್ಳುವವರಿಗೆ ಕಾಣುವುದಿಲ್ಲ. ಗಾಜಿನ ಕುಲುಮೆಯಲ್ಲಿ ಅಪಾಯವೆಂದರೆ ಸುಟ್ಟಗಾಯ, ಒಡೆದ ಚೂರು ಎಂದಷ್ಟೇ ತಿಳಿಯುವವರು ಹೆಚ್ಚು. ಕಣ್ಣಿಗೆ ಕಾಣದೆ ಕಣ್ಣನ್ನೇ ಕೆಡಿಸುವ ಇನ್ನೊಂದು ಅಪಾಯವನ್ನು ಗುರುತಿಸಿ, ತಡೆಯುವ ದಾರಿ ಹುಡುಕಲು ಮನುಷ್ಯನಿಗೆ ಸುಮಾರು ಎರಡು ಸಾವಿರ ವರ್ಷಗಳೇ ಬೇಕಾದವು.

ಕೊಳವೆಯ ತುದಿಗೆ ಕರಗಿದ ಗಾಜನ್ನು ಅಂಟಿಸಿ ಬಾಯಿಂದ ಊದುವ ವಿದ್ಯೆ ಹುಟ್ಟಿದ್ದು ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ, ಸಿರಿಯಾ-ಪ್ಯಾಲೆಸ್ತೀನ್ ಪ್ರದೇಶದಲ್ಲಿ. ರೋಮನ್ನರ ಕಾಲದಲ್ಲಿ ಅದು ಯೂರೋಪಿಗೆ ಹಬ್ಬಿತು. ಮುಂದೆ ಇಟಲಿಯ ವೆನಿಸ್ ನಗರ ಈ ಕಲೆಗೆ ಹೆಸರಾಯಿತು. 1291ರಲ್ಲಿ ಅಲ್ಲಿನ ಆಡಳಿತ ಒಂದು ಆಜ್ಞೆ ಹೊರಡಿಸಿತು: ಗಾಜಿನ ಕುಲುಮೆಗಳೆಲ್ಲ ನಗರ ಬಿಟ್ಟು ಮುರಾನೊ ದ್ವೀಪಕ್ಕೆ ಹೋಗಬೇಕು. ಮರದ ಮನೆಗಳಿಗೆ ಬೆಂಕಿ ತಗುಲೀತೆಂಬ ಭಯ ಇದಕ್ಕೆ ಮುಖ್ಯ ಕಾರಣ. ಸುರಕ್ಷತೆಯ ಈ ಪ್ರಸಿದ್ಧ ಆಜ್ಞೆ ಕಾಪಾಡಿದ್ದು ನಗರವನ್ನು. ಕುಲುಮೆಯ ಮುಂದೆ ನಿಂತವನನ್ನಲ್ಲ.

ನಿಂತವನ ಕಡೆ ನೋಡಿದ ವೈದ್ಯ ಬರ್ನಾರ್ಡಿನೊ ರಾಮಜ್ಜೀನಿ. ವೃತ್ತಿರೋಗಗಳ ವೈದ್ಯಶಾಸ್ತ್ರಕ್ಕೆ ಪಿತಾಮಹನೆಂದೇ ಕರೆಯಲಾಗುವ ಈತ 1700ರಲ್ಲಿ ಪ್ರಕಟಿಸಿದ, ಕಸುಬುದಾರರ ಕಾಯಿಲೆಗಳ ಬಗೆಗಿನ ಗ್ರಂಥದಲ್ಲಿ ಗಾಜಿನ ಕೆಲಸಗಾರರಿಗೂ ಒಂದು ಅಧ್ಯಾಯ ಮೀಸಲಿಟ್ಟ. ಚಳಿಗಾಲದಲ್ಲೂ ಅರೆಬೆತ್ತಲೆಯಾಗಿ ದುಡಿಯುವ ಇವರ ಕಣ್ಣುಗಳು ಬೆಂಕಿಯನ್ನು ನೋಡಿ ನೋಡಿ ದುರ್ಬಲವಾಗುತ್ತವೆ ಎಂದು ಆತ ಗುರುತಿಸಿದ. ಆದರೆ ಕಾರಣ ಗೊತ್ತಾಗುವುದು ಇನ್ನೂ ದೂರವಿತ್ತು.

ಕಾಣದ ಕಿರಣ

ಕಾರಣ ಇದು. ಸುಮಾರು ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾದ ಗಾಜು ಬೆಳಕನ್ನಷ್ಟೇ ಅಲ್ಲ, ಅವಗೆಂಪು ಕಿರಣಗಳನ್ನೂ ಸೂಸುತ್ತದೆ. ಇವು ಕಣ್ಣಿಗೆ ಕಾಣುವುದಿಲ್ಲ. ಶಾಖವಾಗಿ ಮಾತ್ರ ತಿಳಿಯುತ್ತವೆ. ಕಣ್ಣಿನೊಳಗಿನ ಮಸೂರದಲ್ಲಿ ರಕ್ತನಾಳಗಳಿಲ್ಲ. ಹಾಗಾಗಿ ಅದಕ್ಕೆ ತಗುಲಿದ ಶಾಖವನ್ನು ರಕ್ತ ಹೊತ್ತೊಯ್ದು ತಂಪು ಮಾಡಲಾರದು. ಹತ್ತಾರು ವರ್ಷ ಹೀಗೆ ಕಾದ ಮಸೂರ ನಿಧಾನವಾಗಿ ಮಸುಕಾಗಿ ಪೊರೆ ಕಟ್ಟುತ್ತದೆ. ನೋವಿಲ್ಲ, ಗಾಯವಿಲ್ಲ; ಹಾಗಾಗಿ ಎಚ್ಚರಿಕೆಯೂ ಇಲ್ಲ. ದೃಷ್ಟಿ ಮಂಜಾದ ಮೇಲೆ ಕನ್ನಡಕ ಹುಡುಕಿದರೆ ಕಣ್ಣು ಕೆಟ್ಟ ಮೇಲೆ ಸೂರ್ಯ ನಮಸ್ಕಾರ ಮಾಡಿದಂತೆ.

20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬಾಟಲಿ ಕಾರ್ಖಾನೆಗಳ ಕಾರ್ಮಿಕರಲ್ಲಿ ಈ ಪೊರೆಯ ತನಿಖೆ ನಡೆಯಿತು. ಕಾರ್ಖಾನೆಗಳ ವೈದ್ಯಕೀಯ ಇನ್‌ಸ್ಪೆಕ್ಟರ್ ಥಾಮಸ್ ಲೆಗ್ 1907ರಲ್ಲಿ ವರದಿ ಕೊಟ್ಟರು. ಪರಿಹಾರಕ್ಕೆ ಅರ್ಹವಾದ ವೃತ್ತಿರೋಗಗಳ ಪಟ್ಟಿಗೆ ಗಾಜಿನ ಕಾರ್ಮಿಕರ ಪೊರೆಯೂ ಸೇರಿತು. ಲಂಡನ್ನಿನ ರಾಯಲ್ ಸೊಸೈಟಿ ಇದಕ್ಕೆಂದೇ ಸಮಿತಿ ನೇಮಿಸಿತು. ಸಮಿತಿಯ ಕೆಲಸದಲ್ಲಿ ತೊಡಗಿದವರಲ್ಲಿ ಥ್ಯಾಲಿಯಂ ಧಾತುವನ್ನು ಕಂಡುಹಿಡಿದ ವಿಲಿಯಂ ಕ್ರೂಕ್ಸ್ ಪ್ರಮುಖರು.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಲ್ಲವೇ? ಕ್ರೂಕ್ಸ್ ಗಾಜಿನ ಕೇಡಿಗೆ ಗಾಜಿನಲ್ಲೇ ಮದ್ದು ಹುಡುಕಿದರು. ಸೀರಿಯಂ, ಕಬ್ಬಿಣ ಮುಂತಾದ ಲೋಹಗಳ ಆಕ್ಸೈಡ್‌ಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ ನೂರಾರು ಬಗೆಯ ಗಾಜು ತಯಾರಿಸಿ ಪರೀಕ್ಷಿಸಿದರು. ನೋಟಕ್ಕೆ ಹೆಚ್ಚು ಅಡ್ಡಿಯಾಗದೆ ಶಾಖದ ಕಿರಣಗಳನ್ನು ಬಹುಪಾಲು ತಡೆಯುವ ಗಾಜುಗಳು ಸಿದ್ಧವಾದವು. 1913ರಲ್ಲಿ ಈ ಫಲಿತಾಂಶವನ್ನು ಮಂಡಿಸಿದಾಗ ಅವರಿಗೆ 81 ವರ್ಷ.

ಎಲ್ಲ ಬಣ್ಣದ ಕನ್ನಡಕವೂ ರಕ್ಷಣೆಯಲ್ಲ ಎಂಬ ಪಾಠವೂ ಇದರೊಂದಿಗೆ ಬಂತು. ಗಾಜಿನ ಕೆಲಸಗಾರರು ಬಳಸುವ ಡಿಡಿಮಿಯಂ ಕನ್ನಡಕ ಜ್ವಾಲೆಯಲ್ಲಿ ಏಳುವ ಸೋಡಿಯಂನ ಹಳದಿ ಪ್ರಭೆಯನ್ನು ನುಂಗಿ ಕೆಲಸ ಸ್ಪಷ್ಟವಾಗಿ ಕಾಣಿಸುತ್ತದೆ. ಅವಗೆಂಪನ್ನು ಸಾಕಷ್ಟು ತಡೆಯುವುದಿಲ್ಲ. ದೊಡ್ಡ ಕುಲುಮೆಯ ಮುಂದೆ ಅವಗೆಂಪನ್ನು ತಡೆಯಲೆಂದೇ ಮಾಡಿದ ಕನ್ನಡಕ ಬೇಕು. ಸಾಮಾನ್ಯ ತಂಪು ಕನ್ನಡಕವನ್ನು ನೆಚ್ಚುವಂತಿಲ್ಲ. ಬೆಳಕು ತಗ್ಗಿದಾಗ ಪಾಪೆ ಹಿಗ್ಗುತ್ತದೆ, ಕಾಣದ ಕಿರಣಕ್ಕೆ ಬಾಗಿಲು ಇನ್ನಷ್ಟು ತೆರೆದಂತಾಗುತ್ತದೆ.

ಬಳೆಗಳ ಊರಿನಲ್ಲಿ

ಭಾರತದ ಗಾಜಿನ ಬಳೆಗೆ ಹೆಸರಾದ ಊರು ಉತ್ತರ ಪ್ರದೇಶದ ಫಿರೋಜಾಬಾದ್. ಬಳೆಯನ್ನು ಊದುವುದಿಲ್ಲ, ಕರಗಿದ ಗಾಜಿನ ಎಳೆಯನ್ನು ತಿರುಗುವ ಉರುಳೆಗೆ ಸುರುಳಿಯಾಗಿ ಸುತ್ತಿ, ಕತ್ತರಿಸಿ, ತುದಿಗಳನ್ನು ಸಣ್ಣ ಜ್ವಾಲೆಯಲ್ಲಿ ಬೆಸೆಯುತ್ತಾರೆ. ಬೆಂಕಿ ಮಾತ್ರ ಅದೇ. 1948ರ ಕಾರ್ಖಾನೆಗಳ ಕಾಯ್ದೆಯ 35ನೇ ಕಲಂ, ಅತಿಯಾದ ಬೆಳಕಿನಿಂದ ಕಣ್ಣಿಗೆ ಅಪಾಯವಿರುವ ಕೆಲಸಗಳಿಗೆ ಮರೆ ಇಲ್ಲವೇ ಕನ್ನಡಕ ಕಡ್ಡಾಯ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತ್ತು. ಆದರೆ ಆ ಕಾಯ್ದೆ ಹೆಚ್ಚಾಗಿ ಅನ್ವಯಿಸಿದ್ದು ಯಂತ್ರಶಕ್ತಿ ಇದ್ದಲ್ಲಿ 10, ಇಲ್ಲದಿದ್ದಲ್ಲಿ 20 ಮಂದಿ ದುಡಿಯುವ ಜಾಗಗಳಿಗೆ. ಬಳೆ ಬೆಸೆಯುವ ಕೆಲಸ ನಡೆಯುವುದು ಬಹುಮಟ್ಟಿಗೆ ಮನೆಗಳಲ್ಲಿ.

1996ರ ಡಿಸೆಂಬರ್ 30ರಂದು ಸುಪ್ರೀಂ ಕೋರ್ಟ್, ತಾಜಮಹಲಿನ ಸುತ್ತಲಿನ ವಲಯದ ಉದ್ಯಮಗಳು ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕೆಂದು ಆದೇಶಿಸಿತು. ಫಿರೋಜಾಬಾದ್ ಇರುವುದು ಆ ವಲಯದಲ್ಲೇ. ಹೊಗೆ ತಗ್ಗಿಸಿ ಅಮೃತಶಿಲೆಯನ್ನು ಉಳಿಸುವುದು ಆದೇಶದ ಮುಖ್ಯ ಉದ್ದೇಶವಾಗಿತ್ತು. ಇಂಧನ ಬದಲಾದರೂ ಕರಗಿದ ಗಾಜಿನ ಶಾಖ ಬದಲಾಗುವುದಿಲ್ಲ. 1291ರಲ್ಲಿ ವೆನಿಸ್ ತನ್ನ ಮನೆಗಳನ್ನು ಉಳಿಸಿಕೊಂಡಿತು. 1996ರಲ್ಲಿ ಭಾರತ ತನ್ನ ಸ್ಮಾರಕವನ್ನು ಉಳಿಸಲು ಹೊರಟಿತು. ಎರಡೂ ಬೇಕಾದ ಕೆಲಸಗಳೇ. ಕುಲುಮೆಯ ಮುಂದಿನ ಕಣ್ಣನ್ನು ಉಳಿಸಲು ಮಾತ್ರ ಊರನ್ನು ಬದಲಿಸಬೇಕಿಲ್ಲ, ಇಂಧನವನ್ನೂ ಬದಲಿಸಬೇಕಿಲ್ಲ. ಸರಿಯಾದ ಒಂದು ಕನ್ನಡಕ ಸಾಕು, ಅದು ದುಡಿಯುವವನ ಕೈಗೆ ಮೊದಲ ದಿನವೇ ಸಿಗಬೇಕು.