ಕಾಫಿ ತೋಟಗಳ ಗುಂಪು ಪ್ರಮಾಣೀಕರಣ

ಗುಂಪು ಪ್ರಮಾಣೀಕರಣವು ಹಲವು ಕಾಫಿ ತೋಟಗಳನ್ನು ಒಂದೇ ಆಡಳಿತ ವ್ಯವಸ್ಥೆಯಡಿ ಸೇರಿಸಿ, ಪರಿಸರ ಮತ್ತು ಕಾರ್ಮಿಕ ಮಾನದಂಡಗಳಿಗೆ ಸಂಬಂಧಿಸಿದ ಒಂದೇ ಪ್ರಮಾಣಪತ್ರ ಪಡೆಯುವ ವಿಧಾನವಾಗಿದೆ. ಮೂಡಿಗೆರೆ, ಕಳಸದಂತಹ ಕಾಫಿ ಸೀಮೆಗಳಿಗೆ ಇದು ಹೆಚ್ಚು ಪ್ರಸ್ತುತ. ಕಾಫಿ ಮಂಡಳಿಯು 10 ಹೆಕ್ಟೇರ್‌ವರೆಗಿನ ಹಿಡುವಳಿದಾರರನ್ನು ಸಣ್ಣ ಬೆಳೆಗಾರರೆಂದು ಪರಿಗಣಿಸುತ್ತದೆ. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಇವರದೇ. ಬಾಹ್ಯ ಪರಿಶೋಧನೆಯ ವೆಚ್ಚವನ್ನು ಇವರು ಒಬ್ಬೊಬ್ಬರಾಗಿ ಭರಿಸುವುದು ಕಷ್ಟ.

ಹಿನ್ನೆಲೆ

1987ರಲ್ಲಿ ಸ್ಥಾಪನೆಯಾದ ರೈನ್‌ಫಾರೆಸ್ಟ್ ಅಲಯನ್ಸ್ ಹಾಗೂ ಉಟ್ಜ್ ಸಂಸ್ಥೆಗಳು 2018ರಲ್ಲಿ ವಿಲೀನಗೊಂಡವು. ಅದಕ್ಕೆ ಮುನ್ನ ಎರಡೂ ಪ್ರಮಾಣಪತ್ರ ಬಯಸಿದ ತೋಟಗಳು ಎರಡು ಮಾನದಂಡಗಳನ್ನು ಪ್ರತ್ಯೇಕವಾಗಿ ಪಾಲಿಸಬೇಕಿತ್ತು. ಏಕೀಕೃತ ಮಾನದಂಡವು 2020ರಲ್ಲಿ ಪ್ರಕಟವಾಯಿತು.

ಕಾರ್ಯವಿಧಾನ

ಗುಂಪಿನ ಆಡಳಿತವು ತನ್ನದೇ ತಪಾಸಕರನ್ನು ನೇಮಿಸಿ, ಮೊದಲ ವರ್ಷ ಎಲ್ಲ ಸದಸ್ಯರ ತೋಟಗಳನ್ನೂ ಪರಿಶೀಲಿಸುತ್ತದೆ. ಬಾಹ್ಯ ಪರಿಶೋಧಕರು ಸಾಮಾನ್ಯವಾಗಿ ಸದಸ್ಯರ ಸಂಖ್ಯೆಯ ವರ್ಗಮೂಲದಷ್ಟು ತೋಟಗಳನ್ನಾದರೂ ನೋಡುತ್ತಾರೆ: 100 ಸದಸ್ಯರಿದ್ದರೆ ಕನಿಷ್ಠ 10. ವೆಚ್ಚ ಉಳಿಯುವುದು ಇಲ್ಲಿಯೇ, ಅಪಾಯವಿರುವುದೂ ಇಲ್ಲಿಯೇ. ಆಂತರಿಕ ತಪಾಸಣೆ ಹೆಸರಿಗಷ್ಟೇ ನಡೆದರೆ, ಕೆಲವರ ಲೋಪದಿಂದ ಇಡೀ ಗುಂಪಿನ ಪ್ರಮಾಣಪತ್ರಕ್ಕೆ ಧಕ್ಕೆ ಬರಬಹುದು. ದಾಖಲೆ ಬರೆದಿಡುವುದು ಸುಲಭ. ಪಲ್ಪಿಂಗ್ ಮಾಡಿದ ನೀರನ್ನು ಸಂಸ್ಕರಿಸದೆ ಹಳ್ಳಕ್ಕೆ ಬಿಡದಿರುವುದು, ಕಾರ್ಮಿಕರ ಲೈನ್ ಮನೆಗಳನ್ನು ವಾಸಯೋಗ್ಯವಾಗಿಡುವುದು, ಸಿಲ್ವರ್ ಓಕ್ ಒಂದನ್ನೇ ನೆಚ್ಚದೆ ಕಾಡುಜಾತಿಯ ನೆರಳಿನ ಮರಗಳನ್ನು ಉಳಿಸುವುದು ಕಷ್ಟದ ಕೆಲಸ.

ಐರೋಪ್ಯ ಒಕ್ಕೂಟದ ನಿಯಮ

2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನಲ್ಲಿ ಬೆಳೆದ ಕಾಫಿಯನ್ನು ಐರೋಪ್ಯ ಒಕ್ಕೂಟವು 2023ರ ನಿಯಮದಲ್ಲಿ ನಿಷೇಧಿಸಿದೆ. ಇದಕ್ಕೆ ಪ್ರತಿ ಜಮೀನಿನ ಭೌಗೋಳಿಕ ಸ್ಥಾನದ ವಿವರ ಬೇಕು. ಗುಂಪಿನ ದಾಖಲೆಗಳು ಇದಕ್ಕೆ ನೆರವಾಗುತ್ತವೆಯಾದರೂ, ಪ್ರಮಾಣಪತ್ರವಿದ್ದ ಮಾತ್ರಕ್ಕೆ ಆಮದುದಾರರ ಹೊಣೆ ತೀರುವುದಿಲ್ಲ.