ಬೀಗದ ಗುರುತಿನ ಪೂರ್ವಾಪರ

2022ರ ಮಳೆಗಾಲದ ಒಂದು ಬೆಳಿಗ್ಗೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಬಾಡಿದ ಮುಖದೊಡನೆ ಮನೆಗೆ ಬಂದರು. ಗಣಿತದ ಮೇಷ್ಟ್ರು, ಜೀವಮಾನದಲ್ಲಿ ಲೆಕ್ಕ ತಪ್ಪದವರು. ವಿದ್ಯುತ್ ಬಿಲ್ಲು ಬಾಕಿಯಿದೆ, ರಾತ್ರಿಯೇ ಸಂಪರ್ಕ ಕಡಿತವಾಗುವುದು ಎಂಬ ಸಂದೇಶವನ್ನು ನಂಬಿ, ಅದು ತೋರಿಸಿದ ಜಾಲತಾಣದಲ್ಲಿ ಕಾರ್ಡಿನ ಸಂಖ್ಯೆಯನ್ನೂ ಕೊನೆಗೆ ಒಟಿಪಿಯನ್ನೂ ತುಂಬಿ 18,000 ರೂಪಾಯಿ ಕಳೆದುಕೊಂಡಿದ್ದರು. ಹಣಕ್ಕಿಂತ ಹೆಚ್ಚಾಗಿ ಅವರನ್ನು ಕಾಡುತ್ತಿದ್ದುದು ಬೇರೊಂದು ಸಂಗತಿ. “ಮೇಲೆ ಬೀಗದ ಗುರುತು ಇತ್ತಲ್ಲ ಮೇಷ್ಟ್ರೇ! ಅದನ್ನು ನೋಡಿಯೇ ತುಂಬಿದ್ದು.”

ಚರಿತ್ರೆ ಪಾಠ ಹೇಳಿದವನಿಗೆ ಆ ಬೀಗದ ಚರಿತ್ರೆಯನ್ನೂ ಹುಡುಕುವ ಚಪಲ ಹುಟ್ಟಿತು.

ಆರಂಭದಲ್ಲಿ ಅಂತರ್ಜಾಲದಲ್ಲಿ ಸಾಗುತ್ತಿದ್ದ ಬರಹವೆಲ್ಲ ಅಂಚೆ ಕಾರ್ಡಿನಂತೆ ಬಟ್ಟಬಯಲು. ನಮ್ಮೂರಿನಲ್ಲಿ ಕಾರ್ಡು ಮನೆ ಸೇರುವ ಮೊದಲೇ ಅದರ ಸುದ್ದಿ ಬೀದಿ ಸೇರುತ್ತಿತ್ತು. ಇಲ್ಲಿಯೂ ಹಾಗೆಯೇ, ನಡುವಿನ ಯಂತ್ರಗಳನ್ನು ನೋಡಿಕೊಳ್ಳುವ ಯಾರಾದರೂ ಓದಬಹುದಿತ್ತು. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ನೆಟ್‌ಸ್ಕೇಪ್ ಸಂಸ್ಥೆಯು ಇದಕ್ಕೆ ಎಸ್‌ಎಸ್‌ಎಲ್ ಎಂಬ ಮುಚ್ಚಿದ ಲಕೋಟೆಯನ್ನು ರೂಪಿಸಿತು. ಮೊದಲ ಆವೃತ್ತಿಯ ದೋಷಗಳಿಂದಾಗಿ ಅದು ಹೊರಬೀಳಲೇ ಇಲ್ಲ. 1995ರಲ್ಲಿ ಜನರ ಕೈಗೆ ಬಂದದ್ದು ಎರಡನೆಯದು. ಆಗ ನೆಟ್‌ಸ್ಕೇಪ್ ಇಟ್ಟ ಗುರುತು ಬೀಗವಲ್ಲ, ಬೀಗದ ಕೈ. ಪುಟವು ಭದ್ರವಾಗಿದ್ದರೆ ಅದು ಇಡಿಯಾಗಿ, ಇಲ್ಲದಿದ್ದರೆ ಮುರಿದಂತೆ ಕಾಣುತ್ತಿತ್ತು.

ಆ ಕೈಯಲ್ಲೂ ಪಂಕ್ತಿಭೇದ! ಗೂಢಲಿಪಿಯನ್ನು ಯುದ್ಧಸಾಮಗ್ರಿಯೆಂದು ಪರಿಗಣಿಸಿದ್ದ ಅಮೆರಿಕವು ತನ್ನವರಿಗೆ 128 ಬಿಟ್‌ಗಳ ಕೀಲಿಯನ್ನಿಟ್ಟುಕೊಂಡು ಹೊರನಾಡಿನವರಿಗೆ 40 ಬಿಟ್‌ಗಳದನ್ನು ಕೊಟ್ಟಿತು. ನಲವತ್ತು ಬಿಟ್ ಎಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಮನುಷ್ಯನಿಗೆ ದೊಡ್ಡ ಸಂಖ್ಯೆ, ಯಂತ್ರಕ್ಕಲ್ಲ. 1995ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಸಂಶೋಧಕರೊಬ್ಬರು ಬಿಡುವಾಗಿದ್ದ ಗಣಕಗಳನ್ನು ದುಡಿಸಿ ಎಂಟು ದಿನಗಳಲ್ಲಿ ಅಂಥದೊಂದು ಕೀಲಿಯನ್ನು ಕಂಡುಹಿಡಿದರು. (ವಿಎಸ್‌ಎನ್‌ಎಲ್ ಭಾರತದ ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆದದ್ದು ಅದೇ ತಿಂಗಳ 15ರಂದು.) ಮರುತಿಂಗಳು ಬರ್ಕ್ಲಿಯ ವಿದ್ಯಾರ್ಥಿಗಳಾದ ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್ ಇನ್ನೂ ಸುಲಭದ ದಾರಿ ತೋರಿಸಿದರು. ಊಹಿಸಲಾಗದಂತೆ ಹುಟ್ಟಬೇಕಾದ ಕೀಲಿಯನ್ನು ನೆಟ್‌ಸ್ಕೇಪ್ ಗಡಿಯಾರದ ವೇಳೆಯಂಥ ಊಹಿಸಬಹುದಾದ ಸಂಗತಿಗಳಿಂದ ಹುಟ್ಟಿಸುತ್ತಿತ್ತು. ತಪ್ಪು ಹಿಡಿದು ಗಟ್ಟಿಯಾಗಿ ಹೇಳುವ ಇಂಥ ಶಿಷ್ಯರು ದೊರೆಯುವುದು ಪುಣ್ಯ. ದೋಷ ತಿದ್ದಲ್ಪಟ್ಟಿತು, 2000ದಲ್ಲಿ ಅಮೆರಿಕವು ರಫ್ತಿನ ನಿರ್ಬಂಧವನ್ನೂ ಸಡಿಲಿಸಿತು.

ಲಕೋಟೆಯೇನೋ ಗಟ್ಟಿಯಾಯಿತು, ಅದನ್ನು ಪಡೆಯುವವನು ಯಾರು? ಅದಕ್ಕೆಂದು ಪ್ರಮಾಣಪತ್ರಗಳಿದ್ದವು, ಆದರೆ ಅವಕ್ಕೆ ಹಣ ತೆರಬೇಕಾಗಿತ್ತು. 2015ರ ಕೊನೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು ಅವನ್ನು ಉಚಿತವಾಗಿ ಹಂಚತೊಡಗಿತು. 2018ರ ಜುಲೈನಿಂದ ಕ್ರೋಮ್, ಲಕೋಟೆಯಿಲ್ಲದ ತಾಣಗಳಿಗೆಲ್ಲ ‘ಸುರಕ್ಷಿತವಲ್ಲ’ ಎಂಬ ಪಟ್ಟಿ ಕಟ್ಟಿತು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಸಾಮಾನ್ಯ ಪ್ರಮಾಣಪತ್ರವು ಹೇಳುವುದು ಇಷ್ಟೇ: ಈ ವಿಳಾಸವನ್ನು ನಡೆಸುವವನೇ ಆಚೆ ತುದಿಯಲ್ಲಿದ್ದಾನೆ. ಅವನು ಸಜ್ಜನನೋ ವಂಚಕನೋ ಎಂಬ ವಿಚಾರಣೆ ಅದರಲ್ಲಿಲ್ಲ. ನನ್ನ ಮಿತ್ರರ ಕಾರ್ಡಿನ ಸಂಖ್ಯೆಯು ದಾರಿಯಲ್ಲಿ ಯಾರ ಕಣ್ಣಿಗೂ ಬೀಳದೆ, ಅತ್ಯಂತ ಭದ್ರವಾಗಿ ಕಳ್ಳನ ಮನೆಯನ್ನೇ ತಲುಪಿತ್ತು.

ಬೀಗದ ನಿಜವಾದ ಅರ್ಥವನ್ನು ಸರಿಯಾಗಿ ತಿಳಿದವರು ಶೇಕಡ 11 ಮಂದಿ ಮಾತ್ರವೆಂದು ಗೂಗಲ್‌ನ 2021ರ ಅಧ್ಯಯನವೊಂದು ಕಂಡುಕೊಂಡಿತು. ನೂರಕ್ಕೆ 89 ಮಂದಿ ನಪಾಸಾದರೆ ನಾವು ಪ್ರಶ್ನೆಪತ್ರಿಕೆಯನ್ನೇ ಶಂಕಿಸುತ್ತಿದ್ದೆವು. ಅವರೂ ಹಾಗೆಯೇ ಮಾಡಿದರು: 2023ರ ಸೆಪ್ಟೆಂಬರ್‌ನಲ್ಲಿ ಗಣಕದ ಕ್ರೋಮ್‌ನಿಂದ ಬೀಗದ ಗುರುತನ್ನು ತೆಗೆದುಹಾಕಿದರು.

ಅಂದು ನಾವಿಬ್ಬರೂ 1930ಕ್ಕೆ ದೂರು ಕೊಟ್ಟು, ಬ್ಯಾಂಕಿಗೆ ಹೇಳಿ ಕಾರ್ಡು ನಿಲ್ಲಿಸಿ, ಆ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿದೆವು. ಮೊದಲಲ್ಲಿ ವಿದ್ಯುತ್ ಸಂಸ್ಥೆಯ ಹೆಸರು; ಆದರೆ ವಿಳಾಸದ ಒಡೆಯನನ್ನು ತಿಳಿಸುವ ಕೊನೆಯ ತುಂಡಿನಲ್ಲಿ ಕಂಡುಕೇಳರಿಯದ ಬೇರೊಂದು ಹೆಸರು. ಹಣ ಹಿಂದಿರುಗಲಿಲ್ಲ. ಬೀಗ ತೆಗೆದ ಸುದ್ದಿಯನ್ನು ಮರುವರ್ಷ ಹೇಳಿದಾಗ ಮಿತ್ರರು ಕನ್ನಡಕ ಒರೆಸಿಕೊಳ್ಳುತ್ತ, “ಒಂದು ವರ್ಷ ಮೊದಲೇ ತೆಗೆಯಬಾರದಿತ್ತೇ?” ಎಂದರು.